ಒದ್ದೆ ಅಂಚಿನ ಕಾರ್ಡುಗಳು

ಕಾರ್ಡು ಸವುಳು ಮಣ್ಣಿನ ವಾಸನೆ ಹೊಡೆಯುತ್ತಿತ್ತು.

ಇನ್ನೊಂದನ್ನು ಎತ್ತಿ ಮೂಸಿದೆ. ಅದೂ ಅದೇ. ಮೂರನೆಯದು, ನಾಲ್ಕನೆಯದು, ಹತ್ತನೆಯದು. ಬಟ್ಟೆ ಒಗೆಯುವ ಸವುಳಿನ ವಾಸನೆ ಯಾವ ಪೋಸ್ಟಾಫೀಸಿನ ಅಂಟಿನಲ್ಲೂ ಇರುವುದಿಲ್ಲ, ಯಾವ ಮಸಿಯಲ್ಲೂ ಇರುವುದಿಲ್ಲ.

"ಏನ್ರೀ ಪಾಪಯ್ಯ, ಕಾರ್ಡು ಓದೋದು ಬಿಟ್ಟು ಮೂಸ್ತಾ ಕೂತಿದ್ದೀರಿ?" ಎಂದರು ಅನಸೂಯಮ್ಮ.

"ಓದೋದಕ್ಕೆ ನಿಮ್ಮ ರೇಡಿಯೋದ ಈಶ್ವರಯ್ಯನೋರು ಇದಾರಲ್ಲಮ್ಮ. ನಾನು ಆರನೇ ಕ್ಲಾಸು. ಮೂಸೋದೇ ನನ್ನ ಕಸುಬು."

ಆಕೆ ನಗಲಿಲ್ಲ. ನಗುವ ಸ್ಥಿತಿಯಲ್ಲಿರಲಿಲ್ಲ. ಬುಧವಾರ ಬೆಂಗಳೂರು ರೇಡಿಯೋದ ನಾಟಕ ವಿಭಾಗದ ಈಶ್ವರಯ್ಯ ಹಾಸನಕ್ಕೆ ಬಂದು, ಇನ್ನೂರ ಹನ್ನೆರಡು ಕಾರ್ಡುಗಳ ಕಟ್ಟನ್ನು ನನ್ನೆದುರು ಇಟ್ಟು, "ಇಷ್ಟೂ ಒಂದೇ ಕೈ ಬರೆದದ್ದು, ಆ ಕೈ ಯಾರದು ಅಂತ ಶನಿವಾರದೊಳಗೆ ತಿಳಿಸು" ಎಂದು ಹೇಳಿ ಹೋಗಿದ್ದ. ಇವತ್ತು ಶುಕ್ರವಾರ.

ಹೆಸರು ಹಾಕದೆ ಮೂಕರ್ಜಿ ಬರೆದವರನ್ನು ಹಿಡಿದುಕೊಡುವುದು ನನ್ನ ಹೊಟ್ಟೆಪಾಡು. ಹಾಸನದ ಪೋಸ್ಟಾಫೀಸಿನಲ್ಲಿ ನಾಲ್ಕು ವರ್ಷ ಚೀಲ ಹೊತ್ತು, ಕಾಗದ ವಿಂಗಡಿಸಿ ಕಲಿತ ವಿದ್ಯೆ. ವಕೀಲರು ಕರೆಯುತ್ತಾರೆ, ಸಾಹುಕಾರರು ಕರೆಯುತ್ತಾರೆ. ಕರೆದು ಜಗಲಿಯ ಮೇಲೆ ಕೂರಿಸುತ್ತಾರೆ.

ಅನಸೂಯಮ್ಮನೂ ಜಗಲಿಯ ಮೇಲೆಯೇ ಕೂರಿಸಿದ್ದರು. ಬಾಡಿಗೆ ಮನೆ, ಒಳಗಿನಿಂದ ಮನೆಯೊಡತಿ ಬಗ್ಗಿ ಬಗ್ಗಿ ನೋಡುತ್ತಿದ್ದಳು. ನಾಟಕ ಬರೆದು ರೇಡಿಯೋದಲ್ಲಿ ಮೂರು ಓರಗಿತ್ತಿಯರನ್ನು ಒಂದೇ ತಟ್ಟೆಯಲ್ಲಿ ಉಣ್ಣಿಸಿದ ಹೆಂಗಸು ಇವರು. ನನಗೆ ಒಳಗೆ ಬನ್ನಿ ಅನ್ನಲು ಬಾಯಿ ಬರಲಿಲ್ಲ. ನಾಚಿಕೆಯಂತೂ ಇತ್ತು, ಕಣ್ಣು ತಗ್ಗಿಸಿಯೇ ಮಾತಾಡುತ್ತಿದ್ದರು. ನಾಚಿಕೆಪಟ್ಟುಕೊಂಡೇ ಈ ಪದ್ಧತಿ ನಡೆಸಿಕೊಂಡು ಬರುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು.

"ನನ್ನ ಕೈ ಅಲ್ಲ ಅಂತಾದ್ರೂ ಗೊತ್ತಾಯ್ತಾ?"

"ಮೊದಲನೇ ಕಾರ್ಡಲ್ಲೇ ಗೊತ್ತಾಯ್ತು. ನಿಮ್ಮ ಅಕ್ಷರ ಡ್ರಿಲ್ ಮಾಡೋ ಹುಡುಗರ ಥರ ನೆಟ್ಟಗೆ ನಿಂತಿರುತ್ತೆ. ಇವಳದು ನಾಟಿ ಹಾಕೋರ ಥರ ಬೆನ್ನು ಬಗ್ಗಿಸಿದೆ."

"ಇವಳು ಅಂತೀರಲ್ಲ."

"ಅಗಸರನ್ನ ಬಿಟ್ರೆ ಯಾವ ಗಂಡಸಿನ ಕೈ ಸವುಳು ಮಣ್ಣು ನಾರುತ್ತಮ್ಮ?"

ಅನಸೂಯಮ್ಮ ಮಡಿಲಲ್ಲಿದ್ದ ಕಾಗದದ ಮಡಿಕೆ ಬಿಚ್ಚಿದರು. ರೇಡಿಯೋದವರ ಪತ್ರ. ಕೆಳಗೆ ಈಶ್ವರಯ್ಯನ ಸಹಿ. ಕೇಳುಗರು ಎಷ್ಟು ಮಂದಿ ಅಂತ ರೇಡಿಯೋದವರಿಗೆ ತಿಳಿಯುವುದು ಕಾರ್ಡಿನಿಂದ. ಕಾರ್ಡು ಬಂದರೆ ನಾಟಕ ಉಂಟು, ಬರದಿದ್ದರೆ ಇಲ್ಲ. ದಿನಾ ಮಧ್ಯಾಹ್ನ ಒಂದೂವರೆಗೆ ಬರುವ 'ಮೂರು ಓರಗಿತ್ತಿಯರು' ನಾಟಕಕ್ಕೆ ಈ ತಿಂಗಳು ಬಂದದ್ದು ಇನ್ನೂರ ಐವತ್ತು ಕಾರ್ಡು. ಅದರಲ್ಲಿ ಇನ್ನೂರ ಹನ್ನೆರಡು ಒಂದೇ ಕೈ. ಬರೆದವರು ಲೇಖಕಿಯೇ ಇರಬೇಕೆಂಬ ಗುಮಾನಿ. ಶನಿವಾರದೊಳಗೆ ಅವು ನಿಜವಾದ ಕೇಳುಗರವು ಎಂದು ತಿಳಿಯದಿದ್ದರೆ ನಾಟಕ ಬಂದ್. ಸೋಮವಾರದಿಂದ ಆ ಹೊತ್ತಿನಲ್ಲಿ ಗೊಬ್ಬರದ ಭಾಷಣ.

"ಸೋಮವಾರದ ಕಂತು ಒಂದು ಬಂದುಬಿಡಲಿ ಅಂತಿದ್ದೆ," ಎಂದರು. "ಕಿರಿಯ ಸೊಸೆ ಬಾವಿಗೆ ಬಿದ್ದಳಲ್ಲ, ಬಿದ್ದದ್ದಲ್ಲ, ತಳ್ಳಿದ್ದು ಅಂತ ಹಿರಿಯ ಓರಗಿತ್ತಿ ಬಾಯಿ ಬಿಡೋ ಕಂತು. ಅದಕ್ಕೋಸ್ಕರವೇ ಹೆಂಗಸರು ಕಾಯ್ತಿದ್ದಾರೆ."

"ಈಶ್ವರಯ್ಯನೋರು ಅದನ್ನೇ ಬಯ್ತಿದ್ರು. ಮೆಟ್ಟಿಲು ಬಾವಿಗೆ ಬಿದ್ದ ಹುಡುಗಿ ಕತೇನ ಎಷ್ಟು ದಿನ ಎಳೀತಾರೆ ಅಂತ."

"ಮೆಟ್ಟಿಲು ಬಾವಿ?" ಅನಸೂಯಮ್ಮ ಹುಬ್ಬು ಗಂಟಿಕ್ಕಿದರು. "ನಾನು ಬರೆದದ್ದು ರಾಟೆ ಬಾವಿ. ರಾಟೆ ಕಿರುಗುಟ್ಟಿದರೆ ತಾನೇ ರೇಡಿಯೋದಲ್ಲಿ ಬಾವಿ ಅಂತ ಗೊತ್ತಾಗೋದು? ಮೆಟ್ಟಿಲಿಗೆ ಏನು ಸದ್ದಿರುತ್ತೆ?"

ದೊಡ್ಡ ಮನುಷ್ಯರು ಮರೆತು ಮಾತಾಡುತ್ತಾರೆ ಅಂದುಕೊಂಡೆ. ಅಲ್ಲಿಗೆ ಬಿಟ್ಟೆ.

"ತಳ್ಳಿದ್ದು ಅಂತ ಬರೆಯೋ ಯೋಚನೆ ನಿಮಗೆ ಹೇಗೆ ಬಂತು?"

"ಒಂದು ಕಾರ್ಡಿನಿಂದ. ಕೇಳುಗರ ಕಾರ್ಡುಗಳನ್ನ ಅಲ್ಲಿಯ ಗುಮಾಸ್ತರು ಆಗಾಗ ನನಗೆ ಕಳಿಸೋರು. ಅದರಲ್ಲಿ ಒಂದು ಹೀಗಿತ್ತು: ನಿಮ್ಮ ಕಿರಿಯ ಸೊಸೆ ಜಾರಿ ಬಿದ್ದಿಲ್ಲ, ನಮ್ಮೂರಲ್ಲೂ ಹಿಂಗೇ ಆಯ್ತು, ನಾನು ಕಣ್ಣಾರೆ ಕಂಡೆ, ನಿಜ ಹೇಳಿಸಿ ತಾಯಿ ಅಂತ. ಮೈ ಜುಂ ಅಂತು. ಅದನ್ನೇ ಕಂತು ಮಾಡಿ, ಆ ಕಾರ್ಡನ್ನೂ ಗುಂಡುಸೂಜಿ ಚುಚ್ಚಿ ರೇಡಿಯೋಗೆ ಕಳಿಸಿದೆ. ಕೇಳುಗರು ಎಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ನೋಡಲಿ ಅಂತ."

"ಎಷ್ಟು ದಿನ ಆಯ್ತು?"

"ಮೂರು ವಾರ."

ಬಂದ್ ಮಾಡುವ ಪತ್ರ ಬಂದದ್ದು ಎರಡು ವಾರದ ಹಿಂದೆ. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ಯಾಕೆಂದರೆ ಆ ಹೊತ್ತಿಗೆ ಸರಿಯಾಗಿ ನನ್ನ ಕಣ್ಣು ಕಾರ್ಡಿನ ಮೂಲೆಯ ಮೇಲಿತ್ತು.

ಒದ್ದೆಯಾಗಿ ಒಣಗಿದ ಗುರುತು. ಒಂದು ಅಂಚು ಉಬ್ಬಿ ಸುಕ್ಕುಗಟ್ಟಿತ್ತು. ಎಲ್ಲ ಕಾರ್ಡುಗಳದ್ದೂ.

ಮಳೆಯಲ್ಲಿ ನೆನೆದರೆ ಇಡೀ ಕಟ್ಟು ನೆನೆಯಬೇಕು. ಒದ್ದೆ ಕೈಯಲ್ಲಿ ಹಿಡಿದರೆ ಬೆರಳಿನ ಅಚ್ಚು ಮೂಡಬೇಕು. ಇದು ಯಾರೋ ಕಾರ್ಡನ್ನು ಒದ್ದೆ ಕಲ್ಲಿನ ಮೇಲೆ ಇಟ್ಟದ್ದು. ಒಂದು ಸಲವಲ್ಲ, ಇನ್ನೂರ ಹನ್ನೆರಡು ಸಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ.

ಕೊಡುವವಳಿಗೂ ಕೈ ಇದೆ, ತೆಗೆದುಕೊಳ್ಳುವವಳಿಗೂ ಕೈ ಇದೆ. ನಡುವೆ ಕಲ್ಲು ಯಾಕೆ ಬೇಕು?

ಈಶ್ವರಯ್ಯನಂಥವರು ನೂರು ವರ್ಷ ಭೂತಗನ್ನಡಿ ಹಿಡಿದರೂ ಇದು ಹೊಳೆಯುವುದಿಲ್ಲ. ನನಗೆ ಒಂದು ಗಳಿಗೆ ಸಾಕಾಯಿತು. ನಮ್ಮೂರ ಮೇಷ್ಟ್ರು ನನ್ನ ಸ್ಲೇಟನ್ನು ಕೈಯಿಂದ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. "ನೆಲದ ಮೇಲಿಡು, ದೂರ ನಿಲ್ಲು" ಎನ್ನುತ್ತಿದ್ದರು. ಆರನೇ ಕ್ಲಾಸಿನಲ್ಲಿ ಒಂದು ದಿನ ಹಾಗೇ ಇಟ್ಟೆ. ಇಟ್ಟವನು ತಿರುಗಿ ಎತ್ತಿಕೊಳ್ಳಲಿಲ್ಲ.

"ಅನಸೂಯಮ್ಮ, ಇವು ಕಳ್ಳ ಕಾರ್ಡಲ್ಲ. ಹೇಳಿ ಬರೆಸಿದೋರು ಇನ್ನೂರ ಹನ್ನೆರಡು ಹೆಂಗಸರು. ಬರೆದುಕೊಟ್ಟವಳು ಒಬ್ಬಳು. ಅವಳು ಕೇರಿಯವಳು."

ಇನ್ನೂರ ಹನ್ನೆರಡು ಹೆಂಗಸರಿಗೆ ಅಕ್ಷರ ಬರುವುದಿಲ್ಲ ಎನ್ನುವುದು ಬೆಂಗಳೂರಿನ ಯಾವ ಕುರ್ಚಿಗೂ ಹೊಳೆದಿರಲಿಲ್ಲ.

*

ಕಾರ್ಡುಗಳ ಮೇಲೆ ಹೊಳೆನರಸೀಪುರದ ಮುದ್ರೆ. ಶನಿವಾರ ಬೆಳಗ್ಗೆ ಮೊದಲನೇ ಬಸ್ಸಿಗೆ ಇಳಿದೆ. ಅಲ್ಲಿಯ ಪೋಸ್ಟಾಫೀಸಿನಲ್ಲಿ ಚಲುವಯ್ಯ ನನ್ನ ಹಳೇ ಜೊತೆಗಾರ, ಚೀಲ ವಿಂಗಡಿಸುವವನು.

ಕಾರ್ಡು ನೋಡಿದವನೇ ನಕ್ಕ. "ಇದಾ? ಹಳೇಕೋಟೆ ಚೀಲದಲ್ಲಿ ಬತ್ತದೆ. ಸಂತೆ ಮಾರನೇ ದಿನ ಐವತ್ತೋ ಅರವತ್ತೋ ಒಟ್ಟಿಗೇ ತಂದು ಹಾಕ್ತಾಳಂತೆ. ಮುದ್ದಮ್ಮ ಅಂತ, ಅಲ್ಲಿಯ ಕೇರಿಯೋಳು. ಡಬ್ಬಕ್ಕೆ ಒಂದೊಂದಾಗಿ ಹಾಕ್ತಾಳಂತೆ ಕಣಯ್ಯ, ದೇವರಿಗೆ ಹೂ ಹಾಕ್ದಂಗೆ."

ಗಂಟೆ ಒಂಬತ್ತು. ಗಡುವಿಗೆ ಇನ್ನೂ ಇಡೀ ದಿನ ಬಾಕಿ. ನನಗೆ ಹೆಮ್ಮೆ ಉಕ್ಕಿತು. ಆ ಹೆಮ್ಮೆಯ ತಲೆಗೆ ಬೆಂಕಿ ಬೀಳಲಿ.

ತಂತಿ ಬರೆಸಿದೆ: ಕೈ ಹಳೇಕೋಟೆ ಕೇರಿ ಮುದ್ದಮ್ಮನದು. ಅಕ್ಷರ ಬಾರದ ಹೆಂಗಸರಿಗಾಗಿ ಬರೆದದ್ದು. ಕಾರ್ಡು ಎಲ್ಲ ನಿಜ. ಪಾಪಯ್ಯ.

ತಂತಿ ಗುಮಾಸ್ತ ಅದನ್ನು ಇಂಗ್ಲಿಷಿಗೆ ಇಳಿಸಿಕೊಂಡು ವಿಳಾಸ ಕೇಳಿದ. ಈಶ್ವರಯ್ಯ ಬರೆದುಕೊಟ್ಟಿದ್ದ ಚೀಟಿ ಕೊಟ್ಟೆ. ಅದು ರೇಡಿಯೋದ ವಿಳಾಸವಲ್ಲ. ಚನ್ನರಾಯಪಟ್ಟಣದ ಒಂದು ಅಕ್ಕಿ ಮಿಲ್ಲಿನದು. "ಶನಿವಾರ ನಾನು ಅಲ್ಲಿರುತ್ತೇನೆ, ಸ್ನೇಹಿತರ ಜಾಗ" ಎಂದಿದ್ದ.

ನಾಲ್ಕು ವರ್ಷ ವಿಳಾಸ ಓದಿಯೇ ಬದುಕಿದವನು ನಾನು. ಆ ವಿಳಾಸ ಮಾತ್ರ ಓದಲಿಲ್ಲ.

*

ಹಳೇಕೋಟೆಗೆ ಕಾಲಿಡುವ ಮೊದಲು ಒಂದು ತೆಂಗಿನ ತೋಟ ಸಿಕ್ಕಿತು. ಬೇಲಿಯ ಸಂದಿನಲ್ಲಿ ಬಾವಿ ಕಂಡಿತು. ಒಳಕ್ಕೆ ಕಲ್ಲಿನ ಮೆಟ್ಟಿಲು ಇಳಿದಿದ್ದವು. ಮೊದಲ ಮೆಟ್ಟಿಲಿಗೆ ಅಡ್ಡವಾಗಿ ಜಾಲಿ ಮುಳ್ಳು ಹಾಕಿ ಮುಚ್ಚಿದ್ದರು. ನೀರು ತುಂಬಿದ ಬಾವಿಗೆ ಮುಳ್ಳು ಮುಚ್ಚುವುದು ಯಾಕೆಂದು ದನ ಮೇಯಿಸುತ್ತಿದ್ದ ಮುದುಕನನ್ನು ಕೇಳಿದೆ.

"ಕೆಂಪಣ್ಣೋರ ತ್ವಾಟ ಕಣಪ್ಪ. ಅವ್ರ ಕಿರಿ ಸೊಸೆ ನಂಜಮ್ಮ ವಾದ್ವರ್ಸ ಅದ್ರಾಗೆ ಬಿದ್ದೋದ್ಲು. ಕಾಲು ಜಾರಿ ಅಂತ ಪೋಲೀಸ್ನೋರು ಬರ್ಕಂಡ್ ಓದ್ರು." ಅಷ್ಟು ಹೇಳಿ ದನದ ಹಿಂದೆ ಸರಿದ.

ಮೆಟ್ಟಿಲು ಬಾವಿ. ನನ್ನ ಕಾಲು ಸ್ವಲ್ಪ ನಿಧಾನವಾಯಿತು.

ಪಂಚಾಯಿತಿ ಕಟ್ಟಡದ ಹಿಂದೆಯೇ ಕೆರೆ. ಮೇಲುಗಡೆ ಊರವರ ಒಗೆಯುವ ಕಲ್ಲು, ಕೆಳಗಡೆ ಕೇರಿಯವರದು. ನಡುವೆ ಒಂದು ಚಪ್ಪಟೆ ಕಲ್ಲು, ಯಾರೂ ಒಗೆಯದ ಕಲ್ಲು, ಎರಡೂ ಕಡೆಯ ನೀರು ಸಿಡಿದು ತೊಯ್ದಿತ್ತು. ಅದರ ಮೇಲೆ ಆಗಲೇ ಎರಡು ಖಾಲಿ ಕಾರ್ಡು ಇದ್ದವು. ಹಾರದಂತೆ ಸವುಳಿನ ಹೆಂಟೆ ಇಟ್ಟಿದ್ದರು.

"ಯಾರ್ಲಾ ಅದು, ಎಂಗಸ್ರು ಬಟ್ಟೆ ಒಗೆಯೋ ತಾವ?"

ನಲವತ್ತೈದರ ಹೆಂಗಸು. ಒಣಕಲು ಮೈ, ಕೂರಲಗಿನ ಕಣ್ಣು.

"ನಾನು ಪಾಪಯ್ಯ ಕಣವ್ವ. ದಂಡಿಗನಹಳ್ಳಿ ಕೇರಿಯೋನು."

"ಅಲ್ಲಿ ಯಾರ ಮಗ?"

"ಮಾದಮ್ಮನ ಮಗ."

"ಸೂಲಗಿತ್ತಿ ಮಾದಮ್ಮನ ಮಗ್ನಾ? ಮತ್ಯಾಕ್ಲಾ ಪ್ಯಾಟೆ ಸರ್ಟು ಆಕ್ಕಂಡು ಜಪ್ತಿಗೆ ಬಂದೋನಂಗೆ ನಿಂತಿದ್ದೀಯ? ಬಾ, ಕೂತ್ಕ."

ಕೂತೆ. ಜೇಬಿನಿಂದ ಕಾರ್ಡು ತೆಗೆದು ಅವಳ ಕೈಗೇ ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿದಳು, ತನ್ನ ಕೂಸನ್ನು ನೋಡುವ ಹಾಗೆ.

"ನನ್ನ ಕೈಯೇ. ಯಾಕ್ಲಾ, ತಪ್ಪು ಬರ್ದಿದ್ದೀನಾ?"

"ತಪ್ಪಿಲ್ಲ ಕಣವ್ವ. ಎಲ್ಲಿ ಕಲ್ತೆ?"

"ವಯಸ್ಕರ ಸಾಲೆ ಅಂತ ಕೇರೀಲಿ ಮೂರು ತಿಂಗ್ಳು ನಡೀತು. ಮೇಷ್ಟ್ರನ್ನ ಊರೋರು ಎದ್ರಿಸಿ ಓಡಿಸಿದ್ರು. ಮೇಷ್ಟ್ರು ಓದ್ರು, ಅಕ್ಸರ ನನ್ ತಾವೇ ಉಳ್ಕಂಡ್ವು."

"ಊರ ಹೆಂಗಸ್ರೆಲ್ಲ ನಿನ್ ತಾವೇ ಯಾಕೆ ಬರೆಸ್ತಾರೆ?"

"ಇನ್ಯಾರ ತಾವ ಬರೆಸಾರು? ನಿಮ್ ನಾಟಕದ ಅತ್ತೆ ತರಾನೇ ನಮ್ಮತ್ತೇನೂ ಅವ್ಳೆ ಅಂತ ಗಂಡನ ಕೈಲಿ ಬರೆಸಾಕಾಯ್ತದಾ?" ಅವಳು ನಕ್ಕಳು. "ನನ್ ತಾವ ಏಳಿದ್ರೆ ಗೋಡೆಗೆ ಏಳ್ದಂಗೆ. ನಾನು ಯಾರ್ಗೆ ಏಳ್ಲಿ? ನನ್ ಮಾತ ಯಾರು ಕೇಳ್ತಾರೆ? ಅವ್ರು ಕಾರ್ಡು ಆ ಕಲ್ ಮ್ಯಾಲೆ ಇಟ್ಟು ಅಲ್ಲಿಂದ್ಲೇ ಏಳ್ತಾರೆ, ನಾನು ಇಲ್ಲಿಂದ್ಲೇ ಕೇಳಿಸ್ಕತೀನಿ. ಪಂಚಾಯ್ತಿ ರೇಡಿಯೋನೂ ಅಂಗೇ. ಅವ್ರು ಒಳ್ಗೆ ಚಾಪೆ ಮ್ಯಾಲೆ, ನಾವು ಕಿಟ್ಕಿ ಕೆಳ್ಗೆ ಮಣ್ಣಾಗೆ. ನಾಟ್ಕ ಇಬ್ರಿಗೂ ಒಂದೇ ಕೇಳ್ತದೆ."

"ಆ ನಾಟಕ ಉಳೀಲಿ ಅಂತಾನೇ ಬಂದಿದ್ದೀನಿ. ರೇಡಿಯೋದೋರು ಕಳಿಸಿದ್ರು."

"ಏನಂತ ಕಳ್ಸಿದ್ರು?"

"ಈ ಕೈ ಯಾರ್ದು ಅಂತ ಹುಡ್ಕು ಅಂತ."

"ಎಷ್ಟು ಜನ ಕೇಳ್ತಾರೆ ಅಂತ ಕೇಳ್ಕಬಾ ಅನ್ಲಿಲ್ವಾ?"

"ಇಲ್ಲ."

"ಯಾರ್ ಯಾರು ಬರೆಸಿದ್ರು ಅಂತ?"

"ಇಲ್ಲ ಕಣವ್ವ. ಕೈ ಯಾರ್ದು ಅಂತ ಅಷ್ಟೇ."

ಮುದ್ದಮ್ಮ ಹಿಂಡುತ್ತಿದ್ದ ಸೀರೆಯನ್ನು ಕೈಬಿಟ್ಟಳು. ಅದು ನೀರಿನಲ್ಲಿ ತೇಲಿ ಹೋಗತೊಡಗಿತು, ಹಿಡಿಯಲಿಲ್ಲ.

"ನಾಟ್ಕ ಕೇಳೋರ ಲೆಕ್ಕ ಬೇಕಿದ್ರೆ ತಲೆ ಎಣಿಸ್ಬೇಕು ಕಣ್ಲಾ. ಕೈ ಯಾಕೆ ಬೇಕು?"

ಆರನೇ ಕ್ಲಾಸಿನವನ ತಲೆಗೆ ಆಗ ಇಳಿಯಿತು. ಮೂರು ವಾರದ ಹಿಂದೆ ಕಳಿಸಿದ ಕಾರ್ಡು, ಎರಡು ವಾರದ ಹಿಂದೆ ಬಂದ ಪತ್ರ.

"ಆ ಬಾವಿ ಕಾರ್ಡು ಬರ್ದಿದ್ದು ನೀನೇನಾ?"

"ಬರ್ದಿದ್ದು ನಾನು. ಬರೆಸಿದ್ದು ಕೆಂಪಣ್ಣನ ಇರೀ ಸೊಸೆ ಕಾಮಾಕ್ಸವ್ವ. ಅವ್ಳು ಕಂಡವ್ಳೆ. ಪೋಲೀಸ್ನೋರ ಮುಂದೆ ಅತ್ತೆ ಬಾಯಿ ಮುಚ್ಚಿಸಿದ್ಲು, ಮನೆ ಮರ್ವಾದೆ ಅಂತ. ಮನೇಲಿ ಏಳಂಗಿಲ್ಲ, ತವ್ರಲ್ಲಿ ಏಳಂಗಿಲ್ಲ. ರೇಡಿಯೋದಾಗೆ ಆ ನಾಟ್ಕದ ಓರಗಿತ್ತಿ ಬಾಯಲ್ಲಿ ಬಂದ್ರೆ ಊರೆಲ್ಲ ಕೇಳ್ತದಲ್ಲ, ನಂಜಿಯಾದ್ರೂ ಸುಮ್ಕಿರ್ತಾಳೆ ಅಂತ ಅತ್ಕಂಡು ಏಳುದ್ಲು. ಸೋಮ್ವಾರ ಬತ್ತದೆ ಅಂತ ಕಾಯ್ತಾ ಅವ್ಳೆ."

"ತಳ್ಳಿದೋರು ಯಾರು?"

"ಅದು ಎರಡ್ನೇ ಕಾರ್ಡಲ್ಲೈತೆ." ಅವಳು ಸೊಂಟದ ಎಲೆಅಡಿಕೆ ಚೀಲ ಮುಟ್ಟಿಕೊಂಡಳು. "ಅದ್ನ ಡಬ್ಬಕ್ಕೆ ಹಾಕ್ಲಿಲ್ಲ. ಯಾರ ಕೈಗೆ ಓಗಿ ಸೇರ್ತದೆ ಅಂತ ಬರೆಯೋವಾಗ್ಲೇ ಗೊತ್ತಾಯ್ತು. ಹೆಸ್ರು ನನ್ ಬಾಯಲ್ಲಿ ಬ್ಯಾಡ ಕಣ್ ಮಗ. ನೀನು ನನ್ ಹೆಸ್ರ ಯಾರ್ಗೂ ಏಳಿಲ್ಲ ತಾನೆ?"

ನಾನು ತೇಲಿ ಹೋಗುತ್ತಿದ್ದ ಸೀರೆಯ ಕಡೆ ನೋಡಿದೆ.

"ತಂತಿ ಕೊಟ್ಟೆ. ಚನ್ನರಾಯಪಟ್ಟಣಕ್ಕೆ. ಒಂದು ಅಕ್ಕಿ ಮಿಲ್ಲಿನ ವಿಳಾಸಕ್ಕೆ."

ಅವಳು ನನ್ನ ಮುಖವನ್ನೇ ನೋಡಿದಳು. ಬಯ್ದಿದ್ದರೆ ಚೆನ್ನಾಗಿತ್ತು.

"ಅದು ಕೆಂಪಣ್ಣನ ಮಿಲ್ಲು ಕಣ್ಲಾ," ಎಂದಳು.

ಅಷ್ಟರಲ್ಲಿ ಪಂಚಾಯಿತಿ ಮುಂದೆ ಜೀಪು ನಿಂತ ಸದ್ದಾಯಿತು.

*

ಒಂದೂವರೆ. ರೇಡಿಯೋದಲ್ಲಿ ನಾಟಕದ ಮೊದಲ ವೀಣೆ ನುಡಿಯುತ್ತಿತ್ತು.

ಪಂಚಾಯಿತಿ ಕಟ್ಟಡದ ಒಳಗೆ ಚಾಪೆಯ ಮೇಲೆ ನಲವತ್ತು ಹೆಂಗಸರು. ಕಿಟಕಿಯ ಕೆಳಗೆ ಹೊಂಗೆ ನೆರಳಿನಲ್ಲಿ ಇಪ್ಪತ್ತು. ಮೇಜಿನ ಹಿಂದೆ ಕೆಂಪಣ್ಣ, ಈ ಊರಿನ ಚೇರ್ಮನ್ನು, ಅರ್ಧ ಊರಿನ ಜಮೀನುದಾರ. ಅವನ ಕೈಯಲ್ಲಿ ನನ್ನ ತಂತಿ. ಪಕ್ಕದಲ್ಲಿ ರೇಡಿಯೋ ಪೆಟ್ಟಿಗೆಗೆ ಒರಗಿಕೊಂಡು ಈಶ್ವರಯ್ಯ, ಇಸ್ತ್ರಿ ಮಾಡಿದ ಜುಬ್ಬ. ಆ ಪೆಟ್ಟಿಗೆಯನ್ನು ಹೋದ ವರ್ಷ ಊರಿಗೆ ಮಂಜೂರು ಮಾಡಿಸಿದ್ದು ಈಶ್ವರಯ್ಯನೇ ಎಂದು ಗೋಡೆಯ ಮೇಲಿನ ಫಲಕ ಹೇಳುತ್ತಿತ್ತು.

"ಮುದ್ದಿ ಅಂದ್ರೆ ಯಾವಳು? ಕರೀರಿ ಅವಳ್ನ," ಎಂದ ಕೆಂಪಣ್ಣ.

ನಾನು ಹೊಸ್ತಿಲು ದಾಟಿದೆ. ಹೆಂಗಸರು ಸೆರಗು ಎಳೆದುಕೊಂಡು ಸರಿದರು.

"ಯಾರ್ಲಾ ನೀನು? ಒಳ್ಗೇ ಬಂದ್ಬುಟ್ಟಲ್ಲ."

"ತಂತಿ ಕೊಟ್ಟ ಪಾಪಯ್ಯ. ಆ ತಂತಿ ಸುಳ್ಳು, ಕೆಂಪಣ್ಣನವರೇ. ಕಾರ್ಡು ಬರೆದಿದ್ದು ನಾನು."

ಗೌಡರೇ ಅನ್ನದೆ ಹೆಸರು ಹಿಡಿದದ್ದಕ್ಕೆ ಅವನ ಕೆನ್ನೆ ಅದುರಿತು. ಈಶ್ವರಯ್ಯ ನೆಟ್ಟಗೆ ನಿಂತ.

"ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಹೇಳ್ತೀಯಲ್ಲಯ್ಯ," ಎಂದ ಈಶ್ವರಯ್ಯ.

"ನಾನೇ ಕಳ್ಳ ಅಂತ ನಾನೇ ತಂತಿ ಕೊಡ್ಲಾ ಸ್ವಾಮಿ? ಬಾಯಿಗೆ ಬಂದ ಹೆಸರು ಕೊಟ್ಟೆ." ಆಮೇಲೆ ಕೆಂಪಣ್ಣನ ಕಡೆ ತಿರುಗಿ, ಹೇಳಬಾರದ ಮಾತನ್ನು ಹೇಳಿದೆ. "ನಿಮ್ಮೂರ ಕೇರಿ ಹೆಂಗಸಿಗೆ ಅಕ್ಷರ ಬರುತ್ತೆ ಅಂದ್ರೆ ನೀವು ನಂಬ್ತೀರಾ?"

ಕೆಂಪಣ್ಣ ಹೊಟ್ಟೆ ಕುಣಿಸಿ ನಕ್ಕ. "ಅದೂ ಸರಿಯೇ ಅನ್ನು."

ಕಿಟಕಿಯಾಚೆ ಮುದ್ದಮ್ಮ ನಿಂತಿದ್ದಳು. ಕೇಳಿಸಿಕೊಂಡಳು. ಅವಳು ಉಳಿಯಲು ಅವಳ ವಿದ್ಯೆಯನ್ನೇ ನಾನು ಸುಳ್ಳು ಮಾಡಬೇಕಾಯಿತು. ಆ ಊರು ಸುಳ್ಳನ್ನು ನಂಬಲು ತಯಾರಾಗಿಯೇ ಕೂತಿತ್ತು.

ಈಶ್ವರಯ್ಯ ಜೇಬಿನಿಂದ ಪೆನ್ನು ತೆಗೆದು, ಒಂದು ಖಾಲಿ ಕಾರ್ಡಿನ ಜೊತೆ ಮೇಜಿನ ಮೇಲಿಟ್ಟು ನನ್ನ ಕಡೆ ತಳ್ಳಿದ. "ಹಾಗಾದರೆ ಬರೆದುಕೊಡು. ಇನ್ನೂರ ಹನ್ನೆರಡೂ ನಾನೇ ಸುಳ್ಳು ಹೆಸರು ಹಾಕಿ ಬರೆದದ್ದು ಅಂತ. ಅದೇ ಅಕ್ಷರದಲ್ಲಿ."

ಬರೆದರೆ ಮುದ್ದಮ್ಮ ಉಳಿಯುತ್ತಾಳೆ, ನಾಟಕ ಸಾಯುತ್ತದೆ. ಸೋಮವಾರ ಹಿರಿಯ ಓರಗಿತ್ತಿಯ ಬದಲು ಗೊಬ್ಬರ ಮಾತಾಡುತ್ತದೆ. ಅನಸೂಯಮ್ಮ ದುಡ್ಡು ಕೊಟ್ಟು ಬರೆಸಿದ ಕಳ್ಳಿ ಅನ್ನಿಸಿಕೊಳ್ಳುತ್ತಾರೆ. ಬರೆಯದಿದ್ದರೆ ಈ ಹೊಸ್ತಿಲಿನಾಚೆ ನಿಂತಿರುವ ಹೆಂಗಸನ್ನು ಇವರು ಎಲ್ಲಿಗೆ ಒಯ್ಯುತ್ತಾರೋ ನನಗೆ ಗೊತ್ತಿತ್ತು. ಅವಳ ಹೆಸರನ್ನು ಹಿಡಿದು ತಂದುಕೊಟ್ಟವನು ನಾನೇ.

ಪೆನ್ನು ಹಿಡಿದೆ. ಮೂರು ದಿನ ಆ ಅಕ್ಷರವನ್ನೇ ಉಂಡು ಆ ಅಕ್ಷರವನ್ನೇ ಹೊದ್ದು ಮಲಗಿದ್ದೆ. ಬೆನ್ನು ಬಗ್ಗಿಸಿದ ಒಂದೊಂದು ಅಕ್ಷರವೂ ಮುದ್ದಮ್ಮನಂತೆಯೇ ಇಳಿಯಿತು. ಈಶ್ವರಯ್ಯ ಕಾರ್ಡನ್ನು ಎತ್ತಿ, ಜೇಬಿನಲ್ಲಿದ್ದ ಇನ್ನೊಂದರ ಪಕ್ಕ ಹಿಡಿದು ನೋಡಿದ. ಆ ಇನ್ನೊಂದಕ್ಕೆ ಗುಂಡುಸೂಜಿ ಚುಚ್ಚಿದ ತೂತಿತ್ತು.

"ಅದೇ ಕೈ," ಎಂದ. ಅವನ ಹಣೆಯ ಬೆವರು ಆರಿತು. "ಮುಗೀತು ಕೆಂಪಣ್ಣನವರೇ. ಏಳಿ, ಹೋಗೋಣ."

"ನಿಮ್ದು ಮುಗೀತು ಸ್ವಾಮಿ. ನಂದು ಮುಗಿದಿಲ್ಲ." ಕೆಂಪಣ್ಣ ಆ ತೂತಿನ ಕಾರ್ಡನ್ನು ಅವನ ಕೈಯಿಂದ ಕಿತ್ತು ನನ್ನ ಮುಂದೆ ಹಿಡಿದ. "ನನ್ ಸೊಸೇನ ಯಾರೋ ತಳ್ಳಿದ್ರು ಅಂತ ಇದ್ರಲ್ಲೈತಂತೆ. ಬರ್ದಿದ್ದು ನೀನೇ ಅಂದ್ಯಲ್ಲ. ಏಳಿ ಬರೆಸಿದೋರು ಯಾರ್ಲಾ?"

"ಬಿಡಿ ಅದನ್ನ," ಎಂದ ಈಶ್ವರಯ್ಯ. "ಪುಂಡ, ಏನೋ ಕಟ್ಟಿ ಬರೆದಿದ್ದಾನೆ."

"ಸುಮ್ನಿರಿ ನೀವು. ನನ್ ಮನೆ ಮಾತು ಇದು." ಅವನ ದನಿ ಇಳಿದಿತ್ತು. ಆ ಮುಖದಲ್ಲಿ ಕಂಡದ್ದು ಕಳ್ಳನ ಹೆದರಿಕೆಯಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಬರಿಲಾ. ಹೆಸ್ರು ಬರಿ."

ಮುದ್ದಮ್ಮನನ್ನು ತಪ್ಪಿಸಲು ನಾನೇ ಹೆಣೆದ ಬಲೆಯಲ್ಲಿ ಈಗ ನಾನೇ ಕೂತಿದ್ದೆ. ಮೊದಲ ಸಾಲಿನ ಚಾಪೆಯಲ್ಲಿ, ಮೂಗುಬೊಟ್ಟಿನ, ಬಿಳಿಚಿಕೊಂಡ ಒಂದು ಮುಖ ನನ್ನನ್ನೇ ನೋಡುತ್ತಿತ್ತು. ಅದು ಕಾಮಾಕ್ಷಮ್ಮ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ರೇಡಿಯೋದಲ್ಲಿ ರಾಟೆ ಕಿರುಗುಟ್ಟಿತು.

ಆಕೆ ಎದ್ದಳು. ಮಾವನ ಕಡೆ ನೋಡಲಿಲ್ಲ. ನೆಟ್ಟಗೆ ಕಿಟಕಿಗೆ ಹೋಗಿ, ಸರಳಿನ ಸಂದಿನಲ್ಲಿ ಕೈ ಆಚೆ ಚಾಚಿದಳು.

"ಕೊಡು ಮುದ್ದಮ್ಮ," ಎಂದಳು.

ಮುದ್ದಮ್ಮ ಒಂದು ಗಳಿಗೆ ಸುತ್ತ ನೋಡಿದಳು. ಇಡಲು ಅಲ್ಲಿ ಕಲ್ಲಿರಲಿಲ್ಲ. ಸೊಂಟದ ಚೀಲ ಬಿಚ್ಚಿ, ಕಾರ್ಡು ತೆಗೆದು ಆ ಕೈಗೇ ಇಟ್ಟಳು. ಬೆರಳಿಗೆ ಬೆರಳು ತಾಕಿತು. ಚಾಪೆಯ ಮೇಲೆ ಯಾರೋ ಶಿವಶಿವ ಅಂದರು.

"ಏನವ್ವ ಇದು?" ಎಂದ ಕೆಂಪಣ್ಣ.

"ನಂಗೆ ಓದಕ್ಕೆ ಬರಲ್ಲ ಮಾವಯ್ಯ. ಇವ್ರು ಓದ್ಲಿ." ಕಾಮಾಕ್ಷಮ್ಮ ಕಾರ್ಡನ್ನು ತಂದು ನನಗೆ ಕೊಟ್ಟಳು. ಮೇಜಿನ ಮೇಲಲ್ಲ, ಕೈಗೆ. "ಗಟ್ಟಿಯಾಗಿ ಓದಿ. ಕಿಟ್ಕಿ ಆಚೆಗೂ ಕೇಳ್ಬೇಕು."

ಈ ಕಾರ್ಡಿನ ಅಂಚು ಒಣಗಿತ್ತು. ಎಲೆಅಡಿಕೆಯ ವಾಸನೆ.

ಮೊದಲ ಸಾಲಿನಲ್ಲೇ ಹೆಸರಿತ್ತು. ಮನಸ್ಸಿನಲ್ಲಿ ಒಂದು ಸಲ ಓದಿಕೊಂಡೆ. ಅದು ಕೆಂಪಣ್ಣನ ಮನೆಯವರ ಹೆಸರಲ್ಲ. ರಾಟೆ ಬಾವಿಯನ್ನು ಮೆಟ್ಟಿಲು ಬಾವಿ ಎಂದು ಬಾಯಿ ತಪ್ಪಿದ ರೇಡಿಯೋದ ದೊಡ್ಡ ಮನುಷ್ಯ ಮರೆತು ಮಾತಾಡಿರಲಿಲ್ಲ, ಮರೆಯಲಾರದೆ ಮಾತಾಡಿದ್ದ.

ಓದಲು ಬಾಯಿ ತೆರೆದೆ.

ನನ್ನ ದನಿ ನನಗೇ ಕೇಳಿಸಲಿಲ್ಲ. ರೇಡಿಯೋದಲ್ಲಿ ಓರಗಿತ್ತಿಯರು ಒಮ್ಮೆಗೇ ಕಿರುಚತೊಡಗಿದ್ದರು, ಗೋಡೆ ಅದುರುವಷ್ಟು ಗಟ್ಟಿಯಾಗಿ. ಆ ನಾಟಕದ ಬಾಯಿ ಮುಚ್ಚಿಸಲು ಎರಡು ವಾರ ಓಡಾಡಿದ ಕೈ ಈಗ ಪೆಟ್ಟಿಗೆಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಬಿಗಿಯಾಗಿ ಹಿಡಿದು ನಿಂತಿತ್ತು.